ಉಪ್ಪಿನ ಕೋಣೆ ನೋಡಿದವರ ಮುಖಗಳು

ನಾನು ಒಂದು ಬಿಳಿ ಪರದೆ. ಸಿನಿಮಾ ತೋರಿಸುವ ಪರದೆ. ಬೆಟಗೇರಿಯ ಒಂದು ಮಗ್ಗದ ಮೇಲೆ ಹುಟ್ಟಿದಾಗ ನಾನು ಬರೀ ದಪ್ಪ ನೂಲಿನ ಸಾದಾ ಬಟ್ಟೆ. ಗಾದಿಯ ಹೊದಿಕೆ ಆಗುವುದಕ್ಕೆ ಹೇಳಿ ಮಾಡಿಸಿದ ಹಾಗಿದ್ದೆ. ಅದಕ್ಕೇ ಇರಬೇಕು, ನನ್ನನ್ನು ಗಾದಿ ಹೊಲಿಯುವ ಮಹಬೂಬಸಾಬ ನದಾಫರ ಅಂಗಡಿಗೆ ತಂದು ಹಾಕಿದರು. ಅಲ್ಲಿ ಹತ್ತಿಯ ದೂಳು ಕುಡಿಯುತ್ತ ಮೂಲೆಯಲ್ಲಿ ಸುರುಳಿಯಾಗಿ ನಿಂತಿದ್ದೆ.

ಮೂರು ತಿಂಗಳಾದ ಮೇಲೆ ಒಂದು ಮುಂಜಾನೆ ಉದ್ದ ಕೈಚೀಲ ಹಿಡಿದ ಒಬ್ಬರು ಬಂದರು. ಫಕ್ಕೀರಪ್ಪ ಗುಡಗೇರಿ ಎಂದು ಅವರ ಹೆಸರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಊರಿನಲ್ಲಿ ಒಂದು ಚಿತ್ರಸಂಘ ಕಟ್ಟಿ, ಒಳ್ಳೆಯ ಸಿನಿಮಾಗಳನ್ನು ತಂದು ತೋರಿಸಬೇಕೆಂಬ ಹುಚ್ಚು ಅವರಿಗೆ.

"ಹತ್ತ ಫೂಟ ಅಗಲ ಬೇಕ್ರಿ ಸಾಬರ. ಒಂದ ತುಂಡಿನ್ಯಾಗ ಆಗತೈತೇನು?"

"ಅಷ್ಟು ಅಗಲದ ಪನ್ನಾ ಎಲ್ಲಿ ಬರತೈತ್ರಿ ಮಾಸ್ತರ? ಎರಡು ಪಟ್ಟಿ ಕೂಡಸಬೇಕು. ನಡುವ ಹೊಲಿಗಿ ಕಾಣತೈತಿ ನೋಡ್ರಿ ಮತ್ತ."

"ಕಾಣಲಿ ಬಿಡ್ರಿ. ಮಂದಿ ಕತಿ ನೋಡಾಕ ಬರತಾರ, ಹೊಲಿಗಿ ನೋಡಾಕಲ್ಲ."

ಮಹಬೂಬಸಾಬರು ಎರಡು ಪಟ್ಟಿ ಕೂಡಿಸಿ, ಅಂಚು ಮಡಿಸಿ, ಹಗ್ಗ ಹಾಯಿಸಲು ತೂತು ಮಾಡಿ ಕೊಟ್ಟರು. ಹೀಗೆ ನಾನು ಪರದೆಯಾದೆ.

ಗ್ರಂಥಾಲಯದ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ ಇತ್ತು. ಭಾನುವಾರ ಮಧ್ಯಾಹ್ನ ಅದರ ಕಿಟಕಿಗಳಿಗೆ ಕರೀ ಕಾಗದ ಅಂಟಿಸಿ, ನನ್ನನ್ನು ಗೋಡೆಗೆ ಕಟ್ಟುತ್ತಿದ್ದರು. ಪರದೆಯ ಬದುಕಿನಲ್ಲಿ ಒಂದು ವಿಚಿತ್ರವಿದೆ. ನನ್ನ ಮೈಮೇಲೆ ಏನು ಓಡುತ್ತಿದೆಯೋ ಅದು ನನಗೆ ಕಾಣುವುದಿಲ್ಲ. ಬೆಳಕು ಬಿದ್ದದ್ದು ಬಿಸಿಯಾಗಿ ತಿಳಿಯುತ್ತದೆ, ಮಾತು ಕೇಳುತ್ತದೆ, ಅಷ್ಟೇ. ನನಗೆ ಕಾಣುವುದು ಎದುರು ಕೂತವರ ಮುಖ. ಅವರು ನಕ್ಕರೆ ತಮಾಷೆಯ ಸಿನಿಮಾ, ಮೂಗು ಒರೆಸಿಕೊಂಡರೆ ದುಃಖದ್ದು. ಹನ್ನೊಂದು ವರ್ಷ ಹಾಗೇ ಕಳೆದೆ. ಅಳುವಾಗ ಯಾರೂ ನನ್ನಿಂದ ಮುಖ ಮುಚ್ಚಿಕೊಳ್ಳುತ್ತಿರಲಿಲ್ಲ, ನಾನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿರಲಿಲ್ಲವಲ್ಲ.

ಫಕ್ಕೀರಪ್ಪ ಮಾಸ್ತರರ ಮೊಣಕಾಲು ಮಹಡಿ ಹತ್ತಲು ಒಪ್ಪದಂತಾದ ವರ್ಷ ಗಿರಿಜಾ ಹೂಗಾರ ಬಂದಳು. ಅವರ ಹಳೆಯ ವಿದ್ಯಾರ್ಥಿನಿ. ಇಪ್ಪತ್ತೆಂಟರ ವಯಸ್ಸು, ಮೋಟು ಜಡೆ. ಮದುವೆ, ಸೀಮಂತಗಳ ವಿಡಿಯೊ ತೆಗೆಯುವುದು ಅವಳ ಕೆಲಸ. ಎರಡು ವರ್ಷ ಬಿಡುವು ಸಿಕ್ಕಾಗೆಲ್ಲ ಗೆಳೆಯರನ್ನು ಕೂಡಿಸಿಕೊಂಡು ತಾನೇ ಒಂದು ಸಿನಿಮಾ ತೆಗೆದಿದ್ದಳು. ಹೆಸರು 'ಉಪ್ಪಿನ ಕೋಣೆ'. ಟಾಕೀಜಿನವರು ಅರ್ಧ ನೋಡಿ, ಇದನ್ನು ಹಾಕಿದರೆ ಮಂದಿ ಓಡಿಹೋಗುತ್ತಾರೆ ಎಂದು ವಾಪಸು ಕಳಿಸಿದ್ದರು.

ಮಾಸ್ತರರು ನನ್ನನ್ನು ಮಡಿಸಿ ಅವಳ ಕೈಗೆ ಕೊಟ್ಟರು. "ತಗೋ ತಂಗಿ. ಇದು ಎಲ್ಲಾನೂ ತಡಕೊಂಡೈತಿ. ನಿನ್ನ ಸಿನಿಮಾನೂ ತಡಕೋತೈತಿ."

ಆ ಸಿನಿಮಾದ ಕತೆ ನನಗೆ ಕೇಳಿ ಗೊತ್ತು. ಒಬ್ಬಳು ಹುಡುಗಿ. ಅವಳ ಅಕ್ಕ ಗಂಡನ ಮನೆಯಲ್ಲಿ ಬೆಂಕಿಗೆ ಸಿಕ್ಕು ಸತ್ತಿದ್ದಾಳೆ. ಸುಟ್ಟವನು ಗಂಡನೇ ಎಂದು ತಂಗಿಗೆ ಗೊತ್ತು, ಆದರೆ ಕೋರ್ಟಿನಲ್ಲಿ ಸಾಕ್ಷಿ ನಿಲ್ಲುವುದಿಲ್ಲ. ಅವನನ್ನು ಊಟಕ್ಕೆಂದು ಕರೆದು, ತಂಗಿ ಮನೆಯ ಹಿಂದಿನ ಉಪ್ಪಿನ ಕೋಣೆಯಲ್ಲಿ ಕೂಡಿಹಾಕುತ್ತಾಳೆ. ದಿನವೂ ಉಪ್ಪು ಸುರಿದ ಅನ್ನ ಕೊಡುತ್ತಾಳೆ, ನೀರು ಮಾತ್ರ ಕೊಡುವುದಿಲ್ಲ. ಸತ್ತ ಅಕ್ಕ ಆ ಕೋಣೆಗೆ ಬರತೊಡಗುತ್ತಾಳೆ. ಆದರೆ ತಂಗಿಯ ಕಡೆ ಒಮ್ಮೆಯೂ ನೋಡುವುದಿಲ್ಲ. ಬಾಯಾರಿ ಒದ್ದಾಡುವ ಆ ಗಂಡನ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾಳೆ. ಕಡೆಗೆ ಅವನು ಸಾಯುತ್ತಾನೆ.

ಎಲ್ಲ ಕಲ್ಪನೆ ಎಂದು ಗಿರಿಜಾ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಕಲ್ಪನೆಯಲ್ಲವೆಂದು ಮಾಸ್ತರರಿಗೆ ಗೊತ್ತಿತ್ತು. ಅವಳ ಅಕ್ಕ ಸುವರ್ಣಾ ಆರು ವರ್ಷದ ಹಿಂದೆ ಹಾಗೇ ಸತ್ತಿದ್ದಳು. ಗಂಡ ಬಿಡುಗಡೆಯಾಗಿ ಮತ್ತೊಂದು ಮದುವೆಯಾಗಿದ್ದ.

ಗ್ರಂಥಾಲಯದ ಮಹಡಿಯಲ್ಲೇ ನಡೆದ ಮೊದಲ ಪ್ರದರ್ಶನಕ್ಕೆ ನಲವತ್ತು ಜನ ಬಂದಿದ್ದರು. ಸಿನಿಮಾದಲ್ಲಿ ಉಪ್ಪಿನ ಕೋಣೆಯ ಬಾಗಿಲು ಹಾಕಿದ ಸದ್ದು ಬಂದೊಡನೆ ಮುಂದಿನ ಸಾಲಿನ ಒಬ್ಬ ಹಿರಿಯರು ಟವೆಲಿನಿಂದ ಕಣ್ಣು ಮುಚ್ಚಿಕೊಂಡು, ಅದರ ಸಂದಿಯಿಂದ ನೋಡತೊಡಗಿದರು. ಹೊಸದಾಗಿ ಮದುವೆಯಾದ ಇಬ್ಬರಲ್ಲಿ ಹೆಂಡತಿ ಗಂಡನ ಕೈ ಬಿಟ್ಟು ಸ್ವಲ್ಪ ಸರಿದು ಕೂತಳು. ಹದಿನಾಲ್ಕು ಜನ ನಡುವೆಯೇ ಎದ್ದು ಹೋದರು. ಒಬ್ಬರು ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡರಂತೆ.

ಮುಗಿದ ಮೇಲೆ ಒಬ್ಬ ಗಣಿತದ ಮಾಸ್ತರರು ಎದ್ದು ನಿಂತರು. "ಏನವಾ, ಹೆಣ್ಣಮಗಳಾಗಿ ಇಂಥಾದ್ದು ತಗದೀಯಲ್ಲ? ಮನಿಗೆ ಹೋಗಿ ನಾವು ಉಣ್ಣೂದು ಬ್ಯಾಡೇನು?"

ಹಿಂದಿನಿಂದ ಒಬ್ಬ ಹೆಂಗಸು ಕೂತಲ್ಲಿಂದಲೇ ಹೇಳಿದಳು, "ನೀವು ಒಂದ ಹೊತ್ತು ಉಪವಾಸ ಇರ್ರಿ ಸರ. ಏನ ಆಗೂದಿಲ್ಲ."

ಯಾರೋ ನಕ್ಕರು. ಗಿರಿಜಾ ನಗಲಿಲ್ಲ. ಸಿನಿಮಾ ಓಡುವಾಗ ಅವಳು ಪಕ್ಕದ ಗೋಡೆಗೆ ಆತು ನಿಂತು, ನನ್ನ ಹಾಗೆಯೇ ಜನರ ಮುಖವನ್ನೇ ನೋಡುತ್ತಿದ್ದಳು. ಆ ಕೋಣೆಯಲ್ಲಿ ನನ್ನ ಕಡೆ ನೋಡದವಳು ಅವಳೊಬ್ಬಳೇ. ಏನೋ ಹುಡುಕುತ್ತಿದ್ದಳು. ಅದೇನೆಂದು ನನಗೆ ತಿಳಿದದ್ದು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ.

ಅಲ್ಲಿ ಹಾಲು ತುಂಬಿತ್ತು. ಆ ಗಂಡ ನೀರು ನೀರು ಎಂದು ನೆಲ ಕೆರೆಯುವ ಭಾಗ ಬಂದಾಗ ಹುಡುಗರು ಸಿಳ್ಳೆ ಹಾಕಿದರು. "ಹಾಂ, ಸಾಯಿ ಮಗನ!" ಎಂದು ಒಬ್ಬ ಕೂಗಿದ. ಅವನು ಸತ್ತಾಗ ಇಡೀ ಹಾಲು ಚಪ್ಪಾಳೆ ಹೊಡೆಯಿತು. ಗಿರಿಜಾಳ ಮುಖದಲ್ಲಿ ಮೊದಲು ಒಂದು ಬೆಳಕು ಬಂತು. ಎರಡು ವರ್ಷ ಅವಳು ಕಾದದ್ದು ಈ ಚಪ್ಪಾಳೆಗೇ. ಆಮೇಲೆ ಅದು ನಿಲ್ಲಲೇ ಇಲ್ಲ. ಹುಡುಗರು ಬೆಂಚು ಬಡಿದರು, ಕೊನೆಯ ದೃಶ್ಯವನ್ನು ಮತ್ತೊಮ್ಮೆ ಹಾಕಿ ಎಂದರು. ಅವಳ ಮುಖ ಬಿಳಿಚಿಕೊಂಡಿತು. ಮಶೀನು ನಡೆಸುತ್ತಿದ್ದ ಮೌನೇಶ ಎದ್ದು ದೀಪ ಹಾಕಿದ.

ಮೌನೇಶ ಬಡಿಗೇರ ಸಿನಿಮಾದಲ್ಲಿ ಆ ಗಂಡನ ಪಾತ್ರ ಮಾಡಿದವನು. ನಿಜದಲ್ಲಿ ಬಾಗಿಲು, ಚೌಕಟ್ಟು ಮಾಡುವ ಬಡಗಿ. ಇರುವೆಯ ಸಾಲು ಕಂಡರೂ ದಾಟಿ ನಡೆಯುವಂಥ ಮನುಷ್ಯ. ಬಸ್ಸಿನಲ್ಲಿ ಬರುವಾಗ ನಾನು ಇಬ್ಬರ ನಡುವೆ ಚೀಲದಲ್ಲಿದ್ದೆ.

"ಇಷ್ಟ ಮಂದಿ ಸೇರಿ ಅಷ್ಟ ಖುಷೀಲೆ ನನ್ನ ಸಾಯಿಸ್ತಾರಂತ ಅನಕೊಂಡಿರಲಿಲ್ಲವಾ," ಎಂದ ಮೌನೇಶ. ನಗೆಯಾಡಲು ನೋಡಿದ, ಆಗಲಿಲ್ಲ.

ಗಿರಿಜಾ ಕಿಟಕಿಯ ಆಚೆ ನೋಡುತ್ತ ಹೇಳಿದಳು, "ನಂಗ ಬೇಕಾದ್ದು ಸಿಕ್ತು ಮೌನೇಶಣ್ಣ. ಸಿಕ್ಕಮ್ಯಾಲೆ ಯಾಕ ಅದು ಬ್ಯಾಡ ಅನಸತೈತಿ?"

ನಾಲ್ಕನೇ ಪ್ರದರ್ಶನ ಬೆಟಗೇರಿಯಲ್ಲಿ, ಮಹಿಳಾ ಮಂಡಳದ ಕಟ್ಟಡದಲ್ಲಿ. ಇನ್ನೇನು ಶುರುವಾಗಬೇಕು, ಅಷ್ಟರಲ್ಲಿ ಗಿರಿಜಾಳ ತಾಯಿ ಶಿವಗಂಗವ್ವ ಇಬ್ಬರು ನೆರೆಯವರನ್ನು ಕರೆದುಕೊಂಡು ಬಂದಳು. ಪೇಟೆಯಲ್ಲಿ ಹೂ ಮಾರುವ ಹೆಂಗಸು. ಬೆರಳ ತುದಿಯೆಲ್ಲ ನಾರು ಎಳೆದು ಎಳೆದು ಬಿರುಕು ಬಿಟ್ಟಿತ್ತು. ಕೈಯಲ್ಲಿ ಒಂದು ನೀರಿನ ಬಾಟಲಿ.

ಗಿರಿಜಾ ಗಾಬರಿಯಾಗಿ ಓಡಿದಳು. "ಅವ್ವಾ, ನೀ ಯಾಕ ಬಂದಿ? ಇದು ನೀ ನೋಡೂವಂಥಾದ್ದಲ್ಲ."

"ಊರ ಮಂದಿಗೆಲ್ಲಾ ತೋರಸ್ತಿ, ಹೆತ್ತಾಕಿಗೆ ಬ್ಯಾಡಂತೀಯೇನು? ಸರಿ ಆಕಡೆ."

ಶಿವಗಂಗವ್ವ ಎರಡನೇ ಸಾಲಿನಲ್ಲಿ ಕೂತಳು. ಕತೆ ಯಾರದೆಂದು ಆಕೆಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳಲಿಲ್ಲ. ಗೋಡೆಯ ಬಳಿ ನಿಂತ ಮಗಳು ತಾಯಿಯ ಮುಖ ಬಿಟ್ಟು ಬೇರೆ ಯಾವ ಮುಖವನ್ನೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಆ ಭಾಗ ಬಂತು. "ನೀರು," ಎಂದ ಮೌನೇಶನ ದನಿ. "ಒಂದ ಗುಟುಕು ಕೊಡ. ನಿನ್ನ ಕಾಲ ಹಿಡಿತೀನಿ, ಕೊಡ."

ಶಿವಗಂಗವ್ವ ಎದ್ದು ನಿಂತಳು. ಕುರ್ಚಿಗಳ ನಡುವಿನಿಂದ ನನ್ನ ಎದುರಿಗೇ ಬಂದಳು. ಬೆಳಕೆಲ್ಲ ಆಕೆಯ ಮೇಲೆ ಬಿತ್ತು, ಆಕೆಯ ನೆರಳು ನನ್ನ ಮೇಲೆ ಬಿತ್ತು. ಬಿರುಕು ಬಿಟ್ಟ ಬೆರಳುಗಳು ನನ್ನನ್ನು ಮುಟ್ಟಿದವು.

"ಕೊಡ ಯವ್ವಾ," ಎಂದಳು, ಸಿನಿಮಾದ ಹುಡುಗಿಗೋ ತನ್ನ ಮಗಳಿಗೋ. "ನೀರು ಕೊಟ್ಟಬಿಡ ಅವಗ. ಸಾಕು ಮಾಡ."

ಮೌನೇಶ ಮಶೀನು ನಿಲ್ಲಿಸಿದ. ಯಾರೋ ಕಿಟಕಿಯ ಕಾಗದ ಸರಿಸಿದರು. ಗಿರಿಜಾ ಓಡಿಬಂದು ತಾಯಿಯ ಭುಜ ಹಿಡಿದಳು.

"ಅವ್ವಾ, ಅವನ ಮ್ಯಾಲೆ ನಿನಗ ಮರುಕ ಬಂತೇನು? ಅಂಥಾವನ ಮ್ಯಾಲೆ?"

"ಮರುಕ ಎಲ್ಲೀದು? ಅವನ ಹೆಸರು ಕೇಳಿದರ ಇವತ್ತಿಗೂ ನನ್ನ ಮೈ ಉರೀತೈತಿ." ಶಿವಗಂಗವ್ವ ಕೈಯಲ್ಲಿದ್ದ ಬಾಟಲಿಯ ಕಡೆ ನೋಡಿದಳು. "ದವಾಖಾನ್ಯಾಗ ಸುವರ್ಣಾ ನೀರು ಕೇಳಿದ್ಳು ಗಿರಿಜಾ. ನೀ ಔಷಧ ತರಾಕ ಹೋಗಿದ್ದಿ. ಕೊಡಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ರು. ಕೊಟ್ಟರ ಜೀವಕ್ಕ ಅಪಾಯ ಅಂದ್ರು. ಉಳೀಲಿ ಅಂತ ನಾ ಕೊಡಲಿಲ್ಲ. ಅವ್ವಾ ಒಂದ ಗುಟುಕು ಅಂತ ಬೇಡಕೊಂಡ್ಳು. ನಾ ಮಾರಿ ತಿರವಿ ಕೂತೆ. ಆಕಿ ಹೋಗೇಬಿಟ್ಳು."

ಗಿರಿಜಾ ತಾಯಿಯನ್ನು ನೆಲದ ಮೇಲೆ ಕೂರಿಸಿ ಎದುರಿಗೆ ಕೂತಳು. ಆರು ವರ್ಷ ಒಂದೇ ಮನೆಯಲ್ಲಿ ಒಂದೇ ಒಲೆಯ ಮುಂದೆ ಉಂಡಿದ್ದರು. ಈ ಮಾತು ಅವಳಿಗೆ ಗೊತ್ತಿರಲಿಲ್ಲ.

"ನಂಗ್ಯಾಕ ಹೇಳಲಿಲ್ಲವಾ?"

"ಹೆಂಗ ಹೇಳಲಿ? ನೀ ಬರೇ ಅವನ ಸಿಟ್ಟಿನ್ಯಾಗ ಇದ್ದಿ. ನನ್ನ ಸಿಟ್ಟು ನನ್ನ ಮ್ಯಾಲೇ ಇತ್ತು."

ಮಗಳು ತಾಯಿಯ ಮಡಿಲಲ್ಲಿ ಮುಖ ಇಟ್ಟಳು. ಸಭೆಯ ಹೆಂಗಸರು ಹೋಗಲೂ ಆಗದೆ ಇರಲೂ ಆಗದೆ ಕೂತಿದ್ದರು. ಒಬ್ಬೊಬ್ಬರಾಗಿ ಬಂದು ಅವರಿಬ್ಬರ ಸುತ್ತ ನೆಲದ ಮೇಲೆ ಕೂತರು. ಯಾರೂ ಬುದ್ಧಿ ಹೇಳಲಿಲ್ಲ.

ಆಗ ಮೌನೇಶ ಹೆದರುತ್ತ ಹತ್ತಿರ ಬಂದ. ಶಿವಗಂಗವ್ವ ತಲೆಯೆತ್ತಿ ನೋಡಿ, "ನೀನ ಅಲ್ಲೇನೋ ಅವಾ?" ಎಂದಳು. ಅವನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ಆಕೆ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು. ಮೌನೇಶನಿಗೆ ಬಾಯಾರಿಕೆ ಇರಲಿಲ್ಲ. ಆದರೂ ಕುಡಿದ. ಆಕೆ ನೋಡುತ್ತಿರುವಷ್ಟು ಹೊತ್ತೂ, ಕಡೆಯ ಹನಿಯವರೆಗೆ ಕುಡಿದ.

ವಾರ ಬಿಟ್ಟು ಗಿರಿಜಾ ನನ್ನನ್ನು ತೆಗೆದುಕೊಂಡು ಫಕ್ಕೀರಪ್ಪ ಮಾಸ್ತರರ ಮನೆಗೆ ಹೋದಳು. ತಾಯಿಯೂ ಜೊತೆಗಿದ್ದಳು.

"ಆ ನೀರಿನ ಭಾಗ ಕತ್ತರಿಸಿಬಿಡಲೇನ್ರಿ ಸರ?"

ಮಾಸ್ತರರು ಉತ್ತರಿಸುವ ಮೊದಲೇ ಶಿವಗಂಗವ್ವ ಹೇಳಿದಳು, "ತಗೀಬ್ಯಾಡ. ಅಲ್ಲಿ ನಾ ಎದ್ದ ನಿಂತ್ನಲ್ಲ, ಇನ್ನೂ ನಾಕ ಮಂದಿ ಏಳಲಿ."

ಅಂದಿನಿಂದ ಆಕೆ ಪ್ರತಿ ಪ್ರದರ್ಶನಕ್ಕೂ ಬಂದಳು. ಒಳಗೆ ಕೂರುತ್ತಿರಲಿಲ್ಲ. ಬಾಗಿಲ ಹೊರಗೆ ಒಂದು ಕೊಡ ನೀರು, ಎರಡು ಲೋಟ ಇಟ್ಟುಕೊಂಡು ಕೂರುವಳು. ನೋಡಲಾರದೆ ಹೊರಬಂದವರಿಗೆ ನೀರು ಕೊಟ್ಟು, "ಕೂಡ್ರಿ, ಸುಧಾರಿಸಿಕೊಳ್ರಿ. ಯಾವೂರು ನಿಮ್ದು?" ಎಂದು ಕೇಳುವಳು. ಬಾಗಿಲು ತೆರೆದಾಗಲೆಲ್ಲ ನನಗೆ ಆಕೆಯ ಬೆನ್ನು ಕಾಣುತ್ತಿತ್ತು. ಕೆಲವರು ನೀರು ಕುಡಿದು ಹೋಗುತ್ತಿದ್ದರು. ಕೆಲವರು ಅಲ್ಲೇ ಕೂತು, ಯಾರಿಗೂ ಹೇಳದ್ದನ್ನು ಆಕೆಗೆ ಹೇಳುತ್ತಿದ್ದರು. ಅರ್ಧಕ್ಕೆ ಎದ್ದು ಹೋದ ಕೆಲವರು ಮತ್ತೆ ಒಳಗೆ ಬಂದು ಉಳಿದದ್ದನ್ನು ನೋಡಿದ್ದೂ ಉಂಟು.

ಎಲ್ಲರೂ ಹಾಗೆ ಕರಗಲಿಲ್ಲ. ರೋಣದಲ್ಲಿ ಒಬ್ಬರು ಇದು ಊರು ಕೆಡಿಸುವ ಸಿನಿಮಾ ಎಂದು ಬೈದು ಹೋದರು. ಎರಡು ಊರಿನವರು ಕರೆದು, ಆಮೇಲೆ ಬೇಡವೆಂದರು. ಚಪ್ಪಾಳೆ ಹೊಡೆಯುವವರು ಕಡೆಯವರೆಗೂ ಇದ್ದರು. ಆದರೆ ಗಿರಿಜಾ ಚಪ್ಪಾಳೆಗೆ ಮೊದಲಿನ ಹಾಗೆ ಬಿಳಿಚುತ್ತಿರಲಿಲ್ಲ. ಸಿನಿಮಾ ಮುಗಿದ ಮೇಲೆ ಅವರ ಮುಂದೆ ನಿಂತು, ತನ್ನ ಅಕ್ಕ ಸುವರ್ಣಾ ಹೇಗೆ ನಗುತ್ತಿದ್ದಳು, ಎಂಥ ಹಟಮಾರಿ, ಸೈಕಲ್ಲು ಕಲಿಯುವಾಗ ಎಷ್ಟು ಸಲ ಬಿದ್ದಳು ಎಂದು ಹೇಳುತ್ತಿದ್ದಳು. ಇದು ಕಲ್ಪನೆ ಎನ್ನುವುದನ್ನು ಬಿಟ್ಟಿದ್ದಳು. ಗದ್ದಲದ ಹುಡುಗರೂ ಆಗ ಸುಮ್ಮನಾಗುವುದನ್ನು ನಾನು ಕಂಡಿದ್ದೇನೆ.

ಇಪ್ಪತ್ತಾರು ಊರು ತಿರುಗಿದೆ. ಒಮ್ಮೆ ಬಸ್ಸಿನ ಮೇಲೆ ಕಟ್ಟಿದ್ದಾಗ ಯಾವುದೋ ಕಬ್ಬಿಣ ತಾಗಿ ಮೊಳದುದ್ದ ಹರಿದೆ. ಆಗಲೇ ಮೈ ಹಳದಿಯಾಗಿತ್ತು, ಅಂಚು ಜಾಳಾಗಿತ್ತು. ಗಿರಿಜಾ ಎರಡನೇ ಸಿನಿಮಾಕ್ಕೆ ಸುರುಳಿ ಸುತ್ತುವ ಹೊಸ ಪರದೆ ತಂದಳು. ಅದರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅದು ನೋಡಬೇಕಾದ ಮುಖಗಳು ಇನ್ನೂ ಬಹಳ ಇವೆ.

ನನ್ನನ್ನು ಶಿವಗಂಗವ್ವ ಕೇಳಿ ಇಸಿದುಕೊಂಡಳು. ಬಿಸಿನೀರಿನಲ್ಲಿ ಒಗೆದು, ನಾಲ್ಕು ತುಂಡು ಮಾಡಿದಳು. ಈಗ ಮಾತಾಡುತ್ತಿರುವ ನಾನು ಆ ನಾಲ್ಕರಲ್ಲಿ ಒಂದು. ಮಲ್ಲಿಗೆ, ಸೇವಂತಿಗೆ ಬಾಡದಿರಲೆಂದು ಆಕೆ ನನ್ನನ್ನು ನೆನೆಸಿ ಬುಟ್ಟಿಯ ಮೇಲೆ ಹೊದಿಸುತ್ತಾಳೆ. ಹನ್ನೆರಡು ವರ್ಷ ಒಣ ಬೆಳಕು ಹೊತ್ತ ಮೈಗೆ ಈ ತಂಪು ಹಿತವಾಗಿದೆ. ನಾನು 'ಉಪ್ಪಿನ ಕೋಣೆ'ಯನ್ನು ಒಮ್ಮೆಯೂ ನೋಡಲಿಲ್ಲ. ನೋಡಿದವರನ್ನು ನೋಡಿದೆ. ಮನುಷ್ಯರು ಕತ್ತಲಲ್ಲಿ ಅಂಜುವಾಗ, ಗುರುತಿಲ್ಲದಿದ್ದರೂ ಪಕ್ಕದವರ ಕಡೆಗೆ ಒಂದಿಷ್ಟು ವಾಲುತ್ತಾರೆ. ನಾನು ಬದುಕಿನಲ್ಲಿ ಕಂಡದ್ದರಲ್ಲಿ ನನಗೆ ಇಷ್ಟವಾದದ್ದು ಅದು.

ಮೊನ್ನೆ ಮುಂಜಾನೆ ಒಬ್ಬ ಹೆಂಗಸು ಹೂ ಕೊಳ್ಳಲು ಬಂದಳು. ಕುತ್ತಿಗೆಯ ಹತ್ತಿರದ ಒಂದು ಹಳೆಯ ಸುಟ್ಟ ಕಲೆಯನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ಹೂ ತೆಗೆದುಕೊಂಡ ಮೇಲೂ ನಿಂತೇ ಇದ್ದಳು.

"ನಿಮ್ಮ ಮಗಳ ಸಿನಿಮಾ ಭಾಳ ಅಂಜಸತೈತಂತಲ್ರಿ?"

"ಹೂಂ ಯವ್ವಾ, ಅಂಜಸತೈತಿ."

"ನೋಡಬೇಕಂತ ಮನಸ ಐತ್ರಿ. ಒಬ್ಬಾಕಿನ ಹೋಗಾಕ ಧೈರ್ಯ ಬರವಲ್ದು."

ಶಿವಗಂಗವ್ವ ನನ್ನನ್ನು ಹಿಂಡಿ, ಕೊಡವಿ, ಹೂವಿನ ಮೇಲೆ ಹೊದಿಸಿದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಆ ಹೆಂಗಸಿನ ಕೈ ಹಿಡಿದಳು.

"ಐತವಾರ ತೋರಸ್ತಾರ. ನಾನೂ ಬರ್ತೀನಿ. ನಿನ್ನ ಬಾಜೂಕ ಕೂಡ್ತೀನಿ."