ಇಲ್ಲದ ಬ್ರೇಕಿನ ಮೇಲೊಂದು ಕಾಲು

ಅವರ ಬಲಗಾಲು ಅವರ ಮಾತನ್ನು ಕೇಳುತ್ತಿರಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಸಾವಧಾನವಾಗಿ ಕಾಫಿ ಹೀರುತ್ತಿರುವಾಗ ಕಿಟಕಿಯಾಚೆ ಯಾವನೋ ಸೈಕಲ್ಲಿನವನು ತುಸು ರಭಸದಿಂದ ತಿರುವು ತೆಗೆದುಕೊಂಡರೆ ಸಾಕು, ಮೇಜಿನ ಕೆಳಗೆ ಆ ಕಾಲು ತಟಕ್ಕನೆ ನೆಲವನ್ನು ಒತ್ತುತ್ತಿತ್ತು. ಬಸ್ಸಿನಲ್ಲಿ ಕೂತರೆ ಪ್ರತಿ ಇಳಿಜಾರಿನಲ್ಲೂ ಒತ್ತುತ್ತಿತ್ತು. ಸಿನಿಮಾ ನೋಡುವಾಗ ಒತ್ತಿ ಮುಂದಿನ ಸೀಟಿನವರಿಂದ ಬೈಸಿಕೊಳ್ಳುತ್ತಿತ್ತು. ಒಮ್ಮೆ ಯಾರದೋ ಮಗು ಕೈಯಲ್ಲಿ ಲೋಟ ಹಿಡಿದು ಓಡಿ ಬಂದಾಗಲೂ ಒತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಚಿತ್ರವೆಂದರೆ, ಒತ್ತಿದ್ದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಮುಖ ಕ್ಷಣಕಾಲ ಬಿಳುಚಿ, ಅಪಾಯ ಕಳೆದ ಮೇಲೆ ಒಂದು ನಿಟ್ಟುಸಿರು ಹೊರಬೀಳುತ್ತಿತ್ತು, ಅಷ್ಟೆ.

ಅವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಜೀವಮಾನದ ಬಹುಭಾಗವನ್ನು ಕಲಿಯುವವರ ಪಕ್ಕದ ಸೀಟಿನಲ್ಲಿ, ಕಲಿಸುವವರಿಗೆಂದೇ ಜೋಡಿಸಿದ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಕಳೆದವರು. ಗೋಡೆ, ಲಾರಿ, ಹಾಲಿನ ಗಾಡಿ, ಮೋರಿ, ಹೀಗೆ ಲೋಕದ ಸಮಸ್ತ ಘನವಸ್ತುಗಳೂ ಅವರತ್ತ ಧಾವಿಸಿ ಬಂದು ಗೇಣು ದೂರದಲ್ಲಿ ನಿಂತಿವೆ, ಮತ್ತು ಪ್ರತಿಸಲವೂ ಅವನ್ನು ನಿಲ್ಲಿಸಿದ್ದು ಆ ಬಲಗಾಲೇ. ತೊಡುತ್ತಿದ್ದ ಕಂದು ಕೋಟಿನ ಒಂದು ಮೊಣಕೈ ಮಾತ್ರ ಸವೆದು ತೇಪೆ ಹಾಕಿಸಿಕೊಂಡಿತ್ತು, ಅದು ಕಿಟಕಿಯ ಅಂಚಿಗೆ ಒರಗುವ ಕೈ. ಇನ್ನೊಂದು ಹೊಸದರಂತಿತ್ತು, ಏಕೆಂದರೆ ಆ ಕೈ ಸದಾ ಸ್ಟೇರಿಂಗಿನ ಸಮೀಪ ಗಾಳಿಯಲ್ಲೇ ಇರುತ್ತಿತ್ತು. ನಡಿಗೆಯೂ ಹಾಗೆಯೇ. ಗೋಡೆಯನ್ನು ಬಿಡದೆ ನಡೆದು, ತಿರುವು ಬಂದರೆ ನಿಂತು, ಕತ್ತು ಹೊರಳಿಸಿ ಹಿಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೆಜ್ಜೆ ಎತ್ತುವರು. ಶಿಷ್ಯಕೋಟಿ ಅವರಿಗೆ ಹುಷಾರಪ್ಪ ಎಂದು ಹೆಸರಿಟ್ಟಿತ್ತು. ಎದುರಿಗೆ ಮಾತ್ರ ಎಲ್ಲರೂ ಮೇಷ್ಟ್ರೇ ಎನ್ನುತ್ತಿದ್ದರು.

ಮಾತು ಆರಂಭವಾಗುತ್ತಿದ್ದುದೇ "ಅಲ್ಲ, ಒಂದು ವೇಳೆ" ಎಂದು. ನಮ್ಮ ಧ್ವನಿಮುದ್ರಣದ ಕೋಣೆ ಇದ್ದದ್ದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಲಿಫ್ಟಿತ್ತು. "ಅಲ್ಲ, ಒಂದು ವೇಳೆ ಅದು ಮಧ್ಯದಲ್ಲೇ ನಿಂತ್ರೆ?" ಎಂದು ಅವರು ಮೆಟ್ಟಿಲು ಹತ್ತಿ ಬರುವರು, ಬಂದು ಏದುಸಿರು ಬಿಡುತ್ತಾ ಎದೆ ನೀವಿಕೊಳ್ಳುವರು. ಆ ಎದೆಯೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವೆಂಬುದು ನಮಗೆ ತಿಳಿದದ್ದು ಆಮೇಲೆ.

ಅವರು ಅಲ್ಲಿಗೆ ಬಂದ ಕಥೆಯನ್ನು ಹೇಳಬೇಕು. ಹೆಸರಾಂತ ವಿಜ್ಞಾನ ಚಲನಚಿತ್ರ ಸರಣಿಯೊಂದನ್ನು ಆಧರಿಸಿ ಅಂತರಿಕ್ಷ ಕಾಳಗದ ವಿಡಿಯೊ ಗೇಮೊಂದು ತಯಾರಾಗಿತ್ತು. ಅದನ್ನು ನಮ್ಮ ಭಾಷೆಗೆ ತರುವ ಕೆಲಸದಲ್ಲಿ ಸಂಭಾಷಣೆ ಬರೆಯುವ ಪಾಲು ನನ್ನದು. ಆಡುವವರು ಪುಟ್ಟ ಯುದ್ಧನೌಕೆಯೊಂದನ್ನು ಹಾರಿಸುತ್ತಾ ಶತ್ರುಗಳ ನಡುವೆ ನುಗ್ಗಬೇಕು. ಅವರ ಪಕ್ಕದಲ್ಲಿ ಇನ್ನೊಂದು ನೌಕೆ, ಅದರಲ್ಲಿ ಐದನೆಯವನೆಂದು ಕರೆಯುವ ಒಬ್ಬ ಜೊತೆಗಾರ. ಕಣ್ಣಿಗೆ ಕಾಣುವುದು ಅಪರೂಪ, ಕಿವಿಯಲ್ಲಿ ಮಾತ್ರ ಸದಾ ಇರುತ್ತಾನೆ: ಎಡಕ್ಕೆ ತಿರುಗು, ಕಲ್ಲುಬಂಡೆ ಬಂತು, ನಿನ್ನ ಹಿಂದೆ ಒಬ್ಬನಿದ್ದಾನೆ. ಈ ಪಾತ್ರಕ್ಕೆಂದು ಬಂದ ಕಂಠದಾನ ಕಲಾವಿದರೆಲ್ಲ ಸಿಂಹಗಳು. ಒಬ್ಬೊಬ್ಬರ ಗರ್ಜನೆಗೂ ಗಾಜು ಅದುರುತ್ತಿತ್ತು. ನಮ್ಮ ನಿರ್ದೇಶಕಿ ಎಲ್ಲರನ್ನೂ ಕೇಳಿ ಹೆಡ್‌ಫೋನು ತೆಗೆದಿಟ್ಟು, "ನಂಗೆ ಗಂಡುಗಲಿ ಬೇಡ. ನನಗೇನಾಗುತ್ತೋ ಅಂತ ಜೀವ ಬಿಡೋರು ಬೇಕು" ಎಂದಳು. ಆಕೆ ಕಾರು ಕಲಿತದ್ದು ಹುಷಾರಪ್ಪನವರ ಹತ್ತಿರ.

ನಾನು ಮೂಗು ಮುರಿದೆ. ತಾರಾಮಂಡಲದ ಯೋಧನ ಬಾಯಲ್ಲಿ ಆಡಿಸಲು ನಾನು ಬರೆದ ಮಾತುಗಳನ್ನು ಈ ಪುಕ್ಕಲ ಮನುಷ್ಯ ಹೇಳುವುದೆಂದರೇನು ಎಂದು ಮೊದಲ ದಿನ ಮುಖ ಊದಿಸಿಕೊಂಡೇ ಕೂತಿದ್ದೆ. ಮುದ್ರಣದ ಕೋಣೆಯ ದಪ್ಪನೆಯ ಬಾಗಿಲು ಕಂಡೊಡನೆ ಅವರು ಹೊಸ್ತಿಲಲ್ಲೇ ನಿಂತರು. "ಅಲ್ಲ, ಒಂದು ವೇಳೆ ಒಳಗಿಂದ ತೆಗೆಯೋಕೆ ಬರದಿದ್ರೆ?" ಗಾಜಿನ ಈಚೆ ನಾನು ನಿಂತಿರುವುದಾಗಿ, ಕೈ ಎತ್ತಿದರೆ ಬಾಗಿಲು ತೆಗೆಯುವುದಾಗಿ ಮಾತು ಕೊಟ್ಟ ಮೇಲೆ ಒಳಗೆ ಹೋದರು. ಅಂದಿನಿಂದ ಪ್ರತಿ ಸಲವೂ ಆ ಗಾಜಿಗೆ ಆತು ನಿಲ್ಲುವುದು ನನ್ನ ಪಾಲಿನ ಉದ್ಯೋಗವಾಯಿತು. ಪರದೆಯ ಮೇಲೆ ಕಾಳಗ ನಡೆಯುತ್ತಿತ್ತು. ಬೆಂಕಿ, ಬಂಡೆ, ಗಿರಕಿ ಹೊಡೆಯುವ ನೌಕೆಗಳು. ಮತ್ತು ಮೈಕಿನಲ್ಲಿ ಧಡ್ ಧಡ್ ಎಂದು ಅವರ ಬಲಗಾಲಿನ ಸದ್ದು. ಕೊನೆಗೆ ಕಾಲಡಿಗೆ ಹಾಸಿಗೆಯೊಂದನ್ನು ಮಡಿಸಿ ಇಡಬೇಕಾಯಿತು.

"ಇದಕ್ಕೆ ಬ್ರೇಕ್ ಎಲ್ಲಿರುತ್ತೆ?" ಎಂದು ಕೇಳಿದರು.

ಆಕಾಶದಲ್ಲಿ ಬ್ರೇಕು ಇರುವುದಿಲ್ಲ, ತಿರುಗಿಸಿಕೊಂಡು ಹೋಗಬೇಕಷ್ಟೆ ಎಂದು ನಿರ್ದೇಶಕಿ ವಿವರಿಸಿದಳು. ಅವರು ಪರದೆಯ ಮೇಲಿನ ನೌಕೆಯತ್ತ ಬಾಗಿ ನೋಡಿದರು. "ಬ್ರೇಕ್ ಇಲ್ಲದ ಗಾಡಿ ಕೊಟ್ಟು ಮಕ್ಕಳನ್ನ ಕಳಿಸ್ತಾರಾ?" ಎಂದರು. ಆ ಕ್ಷಣದಿಂದ ಅವರ ದನಿಯಲ್ಲಿ ನಟನೆಯೆಂಬುದು ಎಳ್ಳಷ್ಟೂ ಇರಲಿಲ್ಲ. "ಎಚ್ಚರಿಕೆ, ಶತ್ರುನೌಕೆ ಹಿಂಬದಿಯಲ್ಲಿದೆ" ಎಂದು ನಾನು ಗಂಭೀರವಾಗಿ ಬರೆದದ್ದು ಅವರ ಬಾಯಲ್ಲಿ "ಹಿಂದೆ ಬಂದ ನೋಡಪ್ಪಾ, ಹಿಂದೆ ಬಂದ, ಕನ್ನಡಿ ನೋಡು" ಎಂದಾಯಿತು. ಯುದ್ಧನೌಕೆಗೆ ಕನ್ನಡಿ ಇಲ್ಲವೆಂದು ನಾನು ತಕರಾರೆತ್ತಿದೆ. ನಿರ್ದೇಶಕಿ ಕನ್ನಡಿಯನ್ನು ಕತ್ತರಿಸಿ, ಉಳಿದದ್ದನ್ನು ಹಾಗೇ ಇಟ್ಟುಕೊಂಡಳು. ಆಟದ ಮೊದಲ ಭಾಗ ಹೊರಬಂದಾಗ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂತರಿಕ್ಷಕ್ಕೆ ಯಾರದೋ ಮಾವನನ್ನು ಕಳಿಸಿದ್ದೀರೆಂದು ಬರೆದರು. ಆಮೇಲೆ ನಗು ತಾನಾಗಿ ಕಡಿಮೆಯಾಯಿತು. ನನ್ನ ಅಕ್ಕನ ಮಗಳು ಇಂಥ ಆಟಗಳಲ್ಲಿ ಪಳಗಿದವಳು; ಅವಳು ನನಗೆ ಹೇಳಿದ್ದು ಇಷ್ಟೇ: "ಮಾವ, ಬೇರೆ ಆಟದಲ್ಲಿ ಸತ್ರೆ ಮತ್ತೆ ಶುರು ಮಾಡ್ತೀನಿ. ಇದರಲ್ಲಿ ಸತ್ರೆ ಅವರಿಗೆ ಬೇಜಾರಾಗುತ್ತೆ ಅನ್ಸುತ್ತೆ."

ಹುಷಾರಪ್ಪನವರಿಗೊಬ್ಬಳು ಮಗಳು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವಳು, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊರಿಗೆಲ್ಲ ಕಾರು ಕಲಿಸಿದವರು ಅವಳಿಗೆ ಕಲಿಸಿರಲಿಲ್ಲ. ಏಕೆಂದು ಒಮ್ಮೆ ಕೇಳಿದೆ. "ಅವಳು ಸ್ಟೇರಿಂಗ್ ಹಿಡಿದ್ರೆ ನನ್ನ ಕಾಲು ಬ್ರೇಕಿಂದ ಏಳೋದೇ ಇಲ್ಲ ಸ್ವಾಮಿ. ಗಾಡಿ ಮುಂದಕ್ಕೆ ಹೋದ್ರೆ ತಾನೇ ಕಲಿಯೋದು?" ಎಂದು ನಕ್ಕರು. ಆ ನಗೆ ಕಣ್ಣಿನವರೆಗೆ ಹೋಗಲಿಲ್ಲ.

ಎರಡನೆಯ ಭಾಗದ ಮುದ್ರಣ ಮುಗಿಯುತ್ತಾ ಬಂದಾಗ ವೈದ್ಯರು ಆಪರೇಷನ್ನಿನ ದಿನ ಗೊತ್ತುಮಾಡಿದರು. ಕವಾಟ ಬದಲಿಸಬೇಕು, ತಡ ಮಾಡುವಂತಿಲ್ಲ. ನಮ್ಮಲ್ಲಿ ಉಳಿದದ್ದು ಐದನೆಯವನ ಕೊನೆಯ ದೃಶ್ಯವೊಂದೇ. ಚಿತ್ರದಲ್ಲಿ ಅವನ ನೌಕೆಗೆ ಬೆಂಕಿ ಬೀಳುತ್ತದೆ, ಅವನು ಶತ್ರುಗಳಿಗೆ ಅಡ್ಡನಿಂತು ಜೊತೆಗಾರನನ್ನು ಪಾರುಮಾಡಿ, ಶಾಂತವಾದ ದನಿಯಲ್ಲಿ "ಹೋಗು. ಹಿಂದೆ ನೋಡಬೇಡ" ಎನ್ನುತ್ತಾನೆ. ಸರಣಿಯ ಅಭಿಮಾನಿಗಳಿಗೆಲ್ಲ ಬಾಯಿಪಾಠವಾದ ಮಾತು. ಅದರಲ್ಲಿ ಒಂದಕ್ಷರವೂ ಆಚೀಚೆಯಾಗಕೂಡದೆಂದು ಚಿತ್ರದ ಮಾಲೀಕರ ಕಟ್ಟಪ್ಪಣೆಯಿತ್ತು.

ಹುಷಾರಪ್ಪನವರು ಮೈಕಿನ ಮುಂದೆ ನಿಂತು, "ಹೋಗು. ಹಿಂದೆ ನೋಡ್ಕೊಂಡು ಹೋಗು" ಎಂದರು.

ತಪ್ಪಾಯಿತೆಂದು ಹೇಳಿದೆವು. ಅವರಿಗೂ ನಾಚಿಕೆಯಾಯಿತು. ಮತ್ತೆ ಶುರುಮಾಡಿದರು, ಮತ್ತೆ ಅದೇ ಬಂತು. ಒಮ್ಮೆ "ಹಿಂದೆ ನೋಡಬೇಡ" ಎಂದು ಸರಿಯಾಗಿ ಹೇಳಿ, ನಾವು ಉಸಿರು ಬಿಡುವಷ್ಟರಲ್ಲಿ "ಸ್ವಲ್ಪ ನೋಡು" ಎಂದು ಸೇರಿಸಿದರು. ನಮಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಾಡಿ ಹೊರಡುವ ಮುನ್ನ ಹಿಂದೆ ನೋಡೆಂದು ಸಾವಿರ ಮಂದಿಗೆ ಹೇಳಿದ ನಾಲಿಗೆ ಅದು, ಅದಕ್ಕೆ ಆ ನಿಷೇಧ ಒಗ್ಗುತ್ತಲೇ ಇರಲಿಲ್ಲ. ಹೊರಬಂದು ಕೋಟಿನ ತುದಿಯಿಂದ ಹಣೆ ಒರೆಸಿಕೊಳ್ಳುತ್ತಾ, "ಅವನು ಸತ್ತೋದ್ಮೇಲೆ ಆ ಹುಡುಗನ ಹಿಂದೆ ಯಾರು ನೋಡ್ತಾರೆ? ಇನ್ನೂ ಎಷ್ಟೊಂದು ಯುದ್ಧ ಬಾಕಿ ಇದೆ" ಎಂದು ನನ್ನನ್ನೇ ಕೇಳಿದರು.

ನಿರ್ದೇಶಕಿ ಅವರ ಮುಂದೆ ಕೂತು ಮೆಲ್ಲಗೆ ಹೇಳಿದಳು. ಒಂದು ಪಾತ್ರಕ್ಕೆ ಎರಡು ದನಿ ನಡೆಯುವುದಿಲ್ಲ. ಈ ಒಂದು ಸಾಲು ಬರದಿದ್ದರೆ ಇಡೀ ಪಾತ್ರವನ್ನು, ಮೊದಲ ಭಾಗವನ್ನೂ ಸೇರಿಸಿ, ಬೇರೆಯವರಿಂದ ಆಡಿಸುತ್ತಾರೆ. ಅವರ ಒಂದು ಮಾತೂ ಉಳಿಯುವುದಿಲ್ಲ. ಅವರು ತಲೆ ತಗ್ಗಿಸಿದರು. "ಉಳಿಬೇಕು ಕಣಮ್ಮ. ನಾಳಿದ್ದು ಆಸ್ಪತ್ರೆಯಿಂದ ನಾನು ವಾಪಸ್ ಬರ್ತೀನೋ ಇಲ್ವೋ. ಮಗಳು ಯಾವತ್ತಾದ್ರೂ ಹಾಕ್ಕೊಂಡು ಕೇಳಿದ್ರೆ, ಹುಷಾರು ಅಂತ ಹೇಳೋರು ಒಬ್ರಾದ್ರೂ ಇರ್ಬೇಕಲ್ಲ." ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಇನ್ನೊಮ್ಮೆ ಪ್ರಯತ್ನಿಸುವುದೆಂದು ತೀರ್ಮಾನವಾಯಿತು.

ಆ ಬೆಳಿಗ್ಗೆಯೂ ಆ ಸಾಲು ಬರಲಿಲ್ಲ. ಹೇಳಿ ಹೇಳಿ ದನಿ ಬಳಲಿತು. ನನಗಂತೂ ಅವರ ಎದೆಯದೇ ದಿಗಿಲು. ಈ ಹಾಳು ಆಟಕ್ಕಾಗಿ ಇಲ್ಲೇ ಏನಾದರೂ ಆದರೆ ಗತಿಯೇನೆಂದು ಗಾಜಿನ ಈಚೆ ಬೆವತು ಹೋದೆ. ಅವರು ಕೈ ಎತ್ತಿದರು. ಬಾಗಿಲು ತೆಗೆದೆ. ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಆಗ ಮಗಳು ಮೆಟ್ಟಿಲು ಹತ್ತಿ ಬಂದಳು. ಅವತ್ತು ಮಧ್ಯಾಹ್ನ ಅವರನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು.

"ಹೋಗೋಣ್ವಾ ಅಪ್ಪ? ಕಾರು ಕೆಳಗಿದೆ."

"ಯಾರು ತಂದ್ರು?"

"ನಾನೇ."

ಬಲಗಾಲು ಕೆಳಗಿನ ಮೆಟ್ಟಿಲನ್ನು ಒತ್ತಿದ್ದನ್ನು ಕಂಡೆ. "ಎಲ್ಲಿ ಕಲಿತೆ?" ಎಂದರು, ಕೇಳಿಸಿಯೂ ಕೇಳಿಸದ ದನಿಯಲ್ಲಿ.

"ಎದುರು ಬೀದಿ ಸ್ಕೂಲಲ್ಲಿ. ಬೈಬೇಡಿ. ಲೈಸೆನ್ಸೂ ಬಂತು." ಅವಳು ಅವರ ಪಕ್ಕದಲ್ಲಿ ಕೂತಳು. "ಅಲ್ಲ, ಒಂದು ವೇಳೆ ನಿಮಗೆ ಹೊತ್ತಲ್ಲದ ಹೊತ್ತಲ್ಲಿ ಎದೆ ನೋವು ಬಂದು, ಯಾವ ಗಾಡಿನೂ ಸಿಗದಿದ್ರೆ ಅಂತ ಯೋಚನೆ ಬಂತು. ಅದಕ್ಕೇ ಕಲಿತೆ."

ಹುಷಾರಪ್ಪನವರು ಅವಳ ಮುಖವನ್ನು ನೋಡಿದರು. ತಮ್ಮ ಮಾತು ತಮಗೇ ಹೀಗೆ ತಿರುಗಿ ಬಂದು ತಲುಪುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಾರರು. "ಆ ಸ್ಕೂಲಿನವನು ಕನ್ನಡಿ ನೋಡೋದು ಕಲಿಸಲ್ವಲ್ಲ" ಎಂದರು.

"ಕಲಿಸಲಿಲ್ಲ. ಅದು ನಂಗೆ ಮೊದಲೇ ಬರ್ತಿತ್ತು."

ಅವರು ಎದ್ದರು. ಕೋಟು ಸರಿಮಾಡಿಕೊಂಡು ನೇರ ಮುದ್ರಣದ ಕೋಣೆಗೆ ನಡೆದರು. ನನ್ನನ್ನು ಗಾಜಿನ ಬಳಿ ನಿಲ್ಲೆಂದು ಕೇಳಲಿಲ್ಲ. ನಾನಾಗಿಯೇ ನಿಂತೆ, ನನ್ನ ಪಕ್ಕದಲ್ಲಿ ಮಗಳು ನಿಂತಳು. ಪರದೆಯಲ್ಲಿ ನೌಕೆ ಉರಿಯುತ್ತಿತ್ತು, ಅವರು ಅದನ್ನು ನೋಡಲೇ ಇಲ್ಲ. ಗಾಜಿನ ಮೂಲಕ ಮಗಳನ್ನು ನೋಡುತ್ತಾ, "ಹೋಗು. ಹಿಂದೆ ನೋಡಬೇಡ" ಎಂದರು. ಮಡಿಸಿಟ್ಟ ಹಾಸಿಗೆಯ ಮೇಲೆ ಬಲಗಾಲು ಅಲುಗಲಿಲ್ಲ. ನಿರ್ದೇಶಕಿ ಹೆಬ್ಬೆರಳೆತ್ತಬೇಕೆನ್ನುವಷ್ಟರಲ್ಲಿ, ತಮಗೆ ತಾವೇ ಹೇಳಿಕೊಂಡಂತೆ ಇನ್ನೊಂದು ಮಾತು ಬಂತು: "ನಾನು ನೋಡ್ತಾ ಇರ್ತೀನಿ."

ಆ ಮಾತನ್ನು ತೆಗೆದುಹಾಕುವುದು ನಿರ್ದೇಶಕಿಯ ಕರ್ತವ್ಯವಾಗಿತ್ತು. ಅವಳು ಅದನ್ನು ಎಂಜಿನ್ನಿನ ಮೊರೆತದ ಅಡಿಯಲ್ಲಿ ಬಚ್ಚಿಟ್ಟಳು. ಮಾಲೀಕರಿಗೆ ಇಂದಿಗೂ ಕೇಳಿಸಿಲ್ಲ. ಆಟದ ಶಬ್ದಗಳಲ್ಲಿ ಎಂಜಿನ್ನನ್ನು ಮಾತ್ರ ಪೂರ್ತಿ ತಗ್ಗಿಸಿ, ಆ ದೃಶ್ಯದಲ್ಲಿ ಕಿವಿಗೊಟ್ಟರೆ ಕೇಳಿಸುತ್ತದೆ.

ಮರುದಿನ ಆಪರೇಷನ್ ಕೋಣೆಯ ಹೊರಗೆ ನಾನೂ ಮಗಳೂ ಬೆಂಚಿನ ಮೇಲೆ ಕೂತಿದ್ದೆವು. ಹೇಳಿದ್ದಕ್ಕಿಂತ ಹೊತ್ತು ಹೆಚ್ಚಾಗುತ್ತಿತ್ತು. ಒಳಗಿನಿಂದ ಯಾರು ಬಂದರೂ ಅವರ ಮುಖವನ್ನೇ ನೋಡುತ್ತಿದ್ದೆ, ಅವರು ನಮ್ಮತ್ತ ನೋಡದೆ ಹೋದರೆ ಮತ್ತೆ ಬಾಗಿಲನ್ನು ನೋಡುತ್ತಿದ್ದೆ. ಒಮ್ಮೆ ತಲೆ ತಗ್ಗಿಸಿದಾಗ ನನ್ನ ಬಲಗಾಲು ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು, ಯಾವಾಗಿನಿಂದಲೋ ಏನೋ, ಮೀನಖಂಡ ನೋಯುತ್ತಿತ್ತು. ಪಕ್ಕದಲ್ಲಿ ಮಗಳ ಕಾಲೂ ಒತ್ತಿಕೊಂಡಿತ್ತು. ಕೊನೆಗೆ ವೈದ್ಯರು ಹೊರಬಂದು, ಎಲ್ಲ ಸರಿಹೋಯಿತು ಎಂದಾಗ ಇಬ್ಬರ ಜೀವದಲ್ಲೂ ಜೀವ ಬಂತು.

ಅವರೀಗ ಪಾಠ ಹೇಳುವುದಿಲ್ಲ. ತಿಂಗಳ ತಪಾಸಣೆಗೆ ಮಗಳೇ ಕಾರಿನಲ್ಲಿ ಕರೆದೊಯ್ಯುತ್ತಾಳೆ. ಮುಂದಿನ ಸೀಟಿನಲ್ಲಿ ಕೂತರೆ ತಡೆಯಲಾಗುವುದಿಲ್ಲವೆಂದು ಹಿಂದೆ ಕೂರುತ್ತಾರೆ. ಕೂತವರು ಪಕ್ಕಕ್ಕೆ ಹೊರಳಿ, ಆ ಸವೆದ ಮೊಣಕೈಯನ್ನು ಸೀಟಿನ ಬೆನ್ನಿಗೆ ಊರಿ, ದಾರಿಯುದ್ದಕ್ಕೂ ಹಿಂದಿನ ಗಾಜಿನಿಂದ ರಸ್ತೆ ನೋಡುತ್ತಿರುತ್ತಾರೆ. ಮೊನ್ನೆ ಅವರ ಜೊತೆ ಹೋಗಿದ್ದೆ. "ಒಬ್ಬ ಬೈಕಿನವನು ಬರ್ತಿದ್ದಾನಮ್ಮ, ಬಲಗಡೆ" ಎನ್ನುವರು. "ನೋಡಿದೆ ಅಪ್ಪ" ಎನ್ನುವಳು. ನೋಡಿರುತ್ತಾಳೆ, ಆದರೂ ಅವರು ಹೇಳುತ್ತಾರೆ.

ಇಂಥವರು ನಮ್ಮೆಲ್ಲರ ಮನೆಗಳಲ್ಲೂ ಇದ್ದಾರೆ. ತಲುಪಿದ ಕೂಡಲೆ ಫೋನು ಮಾಡು ಎನ್ನುವವರು, ಹೊರಟವರನ್ನು ಹೊಸ್ತಿಲಲ್ಲಿ ನಿಲ್ಲಿಸಿ ಟಾರ್ಚು ಇದೆಯೇ ಎನ್ನುವವರು, ಬಿಸಿಲಿನಲ್ಲಿ ಕೊಡೆ ಕೊಟ್ಟು ಕಳಿಸುವವರು. ಅವರನ್ನು ಅಂಜುಬುರುಕರೆನ್ನುತ್ತೇವೆ, ರೇಗುತ್ತೇವೆ, ಇವರ ಕಾಟ ಸಾಕಪ್ಪಾ ಎಂದು ಗೇಟು ದಾಟಿ ಒಮ್ಮೆಯೂ ತಿರುಗಿ ನೋಡದೆ ಬೀಸುಹೆಜ್ಜೆ ಹಾಕುತ್ತೇವೆ. ಹಾಗೆ ತಿರುಗಿ ನೋಡದೆ ನಡೆಯುವುದನ್ನೇ ನಮ್ಮ ಧೈರ್ಯವೆಂದುಕೊಂಡಿರುತ್ತೇವೆ, ಅವರು ಗೇಟಿನಲ್ಲಿ ಇನ್ನೂ ನಿಂತಿರುವಷ್ಟು ದಿನ.