ಸೊಂಟದ ಅಳತೆ

"ಇನ್ನೊಂದೀಟು ತಡಿ, ಊಟ ಮುಗೀಲಿ" ಎಂದು ಉಮಾಶ್ರೀ ಪಿಸುಗುಟ್ಟಿ ಒಳಗೆ ಹೋದದ್ದು ಇದು ಎರಡನೆಯ ಸಲ. ತಸ್ಲೀಮಾ ತಲೆಯಾಡಿಸಿ ಬಾಗಿಲ ಪಕ್ಕದ ಚಾಪೆಯ ಮೇಲೆ ಸರಿದು ಕೂತಳು. ಶ್ರಾವಣದ ಕೊನೆಯ ಸೋಮವಾರ. ಪಡಸಾಲೆಯ ತುಂಬ ಓಣಿಯ ಹೆಂಗಸರು, ಒಳಗಿನಿಂದ ಹೋಳಿಗೆಯ ವಾಸನೆ. ಆಕೆ ಹೋಳಿಗೆ ತಿನ್ನಲು ಬಂದಿರಲಿಲ್ಲ. ಮಡಿಲಲ್ಲಿದ್ದ ಬ್ಯಾಗಿನಲ್ಲಿ ಅಳತೆಯ ಟೇಪು ಇತ್ತು. ಉಮಾಶ್ರೀ ಬಾಯಿ ಬಿಟ್ಟ ಕೂಡಲೇ ಅದನ್ನು ತೆಗೆದು ಒಬ್ಬೊಬ್ಬರ ಸೊಂಟ ಪುಕ್ಕಟೆ ಅಳೆದು, ಮೂರು ತಿಂಗಳಲ್ಲಿ ಇದನ್ನು ಎಷ್ಟಕ್ಕೆ ಇಳಿಸಬಹುದು ಎಂದು ಹೇಳಬೇಕೆಂದು ಲೆಕ್ಕ ಹಾಕಿಕೊಂಡು ಬಂದಿದ್ದಳು.

ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಬಣ್ಣದಂಗಡಿಯ ಮಾಳಿಗೆಯಲ್ಲಿ ಸಂಗಮನಾಥನ ಜಿಮ್ಮು. ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿನಲ್ಲಿ ಹೆಂಗಸರಿಗೆ ಕಲಿಸುವುದು ತಸ್ಲೀಮಾಳ ಕೆಲಸ. ಬರುತ್ತಿದ್ದವರು ಬೆರಳೆಣಿಕೆಯಷ್ಟು. ಶ್ರಾವಣ ಮುಗಿಯುವುದರೊಳಗೆ ಇನ್ನಷ್ಟು ಹೆಂಗಸರು ಬರದಿದ್ದರೆ ಆ ಹೊತ್ತನ್ನು ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರಿಗೆ ಕೊಡುತ್ತೇನೆಂದು ಸಂಗಮನಾಥ ಹೇಳಿಬಿಟ್ಟಿದ್ದ. ಕೊಟ್ಟರೆ ಆಕೆಗೆ ಉಳಿಯುವುದು ಮನೆಯಲ್ಲಿ ಅವ್ವ ದಾವಲಬೀಯ ಹೊಲಿಗೆ ಮಷಿನ್ನು. ಅದರ ಮುಂದೆ ಬೆನ್ನು ಬಗ್ಗಿಸಿ ಬಗ್ಗಿಸಿ ಅವ್ವನ ಬೆನ್ನು ಈಗ ನೆಟ್ಟಗಾಗುವುದನ್ನೇ ಮರೆತಿತ್ತು. ಆದರೂ ಅವ್ವನದು ಒಂದೇ ಮಾತು: ಮನೆಯಲ್ಲಿ ಮಷಿನ್ನು ಇರುವಾಗ ಕಬ್ಬಿಣ ಎತ್ತಲು ಹೋಗುವ ಹುಡುಗಿ ಈ ಊರಲ್ಲಿ ಇನ್ನೊಬ್ಬಳಿಲ್ಲ.

ಗಿರಾಕಿ ಹಿಡಿಯಲು ದುಡ್ಡಿಲ್ಲದವರು ಮಾಡುವುದನ್ನೆಲ್ಲ ತಸ್ಲೀಮಾ ಮಾಡಿದ್ದಳು. ಬ್ಯೂಟಿ ಪಾರ್ಲರಿನ ಕನ್ನಡಿಗೆ, ಬಳೆ ಅಂಗಡಿಯ ಕಂಬಕ್ಕೆ ಕೈಯಲ್ಲಿ ಬರೆದ ಚೀಟಿ ಅಂಟಿಸಿದಳು. ಮೊಬೈಲಿನ ಸ್ಟೇಟಸ್ಸಿನಲ್ಲಿ ದಿನಕ್ಕೊಂದು ವ್ಯಾಯಾಮ ಹಾಕಿದಳು. ನೋಡಿದವರೆಲ್ಲ ಆಕೆಯ ಚಿಕ್ಕಮ್ಮಂದಿರೇ. ಒಂದು ದಿನ ಉಚಿತ ಎಂದು ಸಾರಿದಾಗ ಮಾತ್ರ ಮಾಳಿಗೆಯ ಮೆಟ್ಟಿಲು ತುಂಬಿತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಮಂದಿ. ತೂಕದ ಯಂತ್ರ ಹತ್ತಿ ನೋಡಿಕೊಂಡರು, ಮಕ್ಕಳನ್ನೂ ಹತ್ತಿಸಿ ನೋಡಿದರು, ಫ್ಯಾನಿನ ಕೆಳಗೆ ಬೆವರು ಆರಿಸಿಕೊಂಡು ಇಳಿದು ಹೋದರು. ಮರುದಿನ ಒಬ್ಬಳೂ ಬರಲಿಲ್ಲ.

ಉಳಿದದ್ದು ಬಾಯಿಮಾತು. ಅದಕ್ಕೆ ಉಮಾಶ್ರೀಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಎರಡನೆಯ ಹೆರಿಗೆಯಾದ ಮೇಲೆ ಕೂಸನ್ನು ಎತ್ತಿಕೊಳ್ಳಲೂ ಆಗದಷ್ಟು ಸೊಂಟ ಹಿಡಿದುಕೊಂಡು ಬಂದವಳು, ಬೇಸಿಗೆ ಕಳೆಯುವುದರೊಳಗೆ ಅಕ್ಕಿಯ ಚೀಲ ಸರಿಸುವಂತಾಗಿದ್ದಳು. ಮೈಯೂ ಇಳಿದಿತ್ತು. ಆದರೆ ಮನೆಯಲ್ಲಿ ಆಕೆ ಹೇಳಿದ್ದು ದಾವಲಬೀಯ ಹತ್ತಿರ ಹೊಲಿಗೆ ಕಲಿಯಲು ಹೋಗುತ್ತೇನೆ ಎಂದು. ಕಿರಾಣಿ ವ್ಯಾಪಾರದ ಮನೆತನದ ಸೊಸೆ ಜಿಮ್ಮಿನ ಮೆಟ್ಟಿಲು ಹತ್ತುತ್ತಾಳೆಂದರೆ ಗಂಡ ಭೀಮಾಶಂಕರ ಮರುದಿನದಿಂದ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಶ್ರಾವಣದ ಕೊನೆಗೆ ಹೆಂಗಸರೆಲ್ಲ ಕೂಡಿದಾಗ ಅತ್ತೆಯ ಮುಂದೆಯೇ ಹೇಳಿಬಿಡುತ್ತೇನೆ, ಅತ್ತೆ ಒಪ್ಪಿದರೆ ಮಗ ಕೇಳುತ್ತಾನೆ, ನಾಲ್ಕು ಮಂದಿಯನ್ನು ನಾನೇ ಕರೆತರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಆ ಮಾತಿನ ಮೇಲೆ ತಸ್ಲೀಮಾ ಆಕೆಯ ಫೀಯನ್ನೂ ಬಿಟ್ಟಿದ್ದಳು.

ಸಂಗಮನಾಥನಿಗೆ ಇಷ್ಟು ತಾಳ್ಮೆ ಇರಲಿಲ್ಲ. ಉಮಾಶ್ರೀ ಕಬ್ಬಿಣದ ಸರಳು ಎತ್ತುವ ವಿಡಿಯೊ ತಸ್ಲೀಮಾಳ ಮೊಬೈಲಿನಲ್ಲಿತ್ತು. ನಿಲುವು ತಿದ್ದಲೆಂದು ತೆಗೆದದ್ದು. ಅದನ್ನೇ ಹಾಕು, ಊರೇ ಓಡಿ ಬರುತ್ತದೆ ಎಂದಿದ್ದ. ಯಾರಿಗೂ ತೋರಿಸುವುದಿಲ್ಲವೆಂದು ಆಣೆ ಮಾಡಿದ್ದೇನೆ ಎಂದಾಗ, ಆಣೆಯಿಂದ ಬಾಡಿಗೆ ಕಟ್ಟಲು ಬರುವುದಿಲ್ಲ ಎಂದು ನಕ್ಕಿದ್ದ.

ಊಟದ ಎರಡನೆಯ ಪಂಕ್ತಿ ಕೂರುವ ಹೊತ್ತಿಗೆ ತಸ್ಲೀಮಾ ಕಾಯುತ್ತಿದ್ದ ಮಾತು ತಾನಾಗಿಯೇ ಬಂತು. ಎದುರುಮನೆಯ ಮರಿಲಿಂಗಪ್ಪನ ಹೆಂಡತಿ ಉಮಾಶ್ರೀಯ ರಟ್ಟೆ ಹಿಡಿದು, ಇಷ್ಟು ಸಣ್ಣಗಾಗಲು ಏನು ಮಾಡಿದೆ, ನಮಗೂ ಹೇಳು ಎಂದಳು. ಹೆಂಗಸರೆಲ್ಲ ಮಾತು ನಿಲ್ಲಿಸಿ ನೋಡಿದರು. ತಸ್ಲೀಮಾ ಬ್ಯಾಗಿನಿಂದ ಟೇಪು ತೆಗೆದು ಕೊರಳಿಗೆ ಹಾಕಿಕೊಂಡಳು.

ಉಮಾಶ್ರೀ ಬಾಯಿ ತೆರೆಯುವ ಮೊದಲೇ ಅತ್ತೆ ಗೊಲ್ಲಾಳಮ್ಮ ಉತ್ತರ ಕೊಟ್ಟಾಗಿತ್ತು. "ಮತ್ತೇನ್ ಮಾಡ್ತಾಳ? ಸ್ವಾಮಾರ ಉಪಾಸ ಹಿಡದಾಳ. ಒಂದೂ ಬಿಟ್ಟಿಲ್ಲ. ಶಿವ ಸುಮ್ನ ಕೂಡ್ತಾನೇನ?"

ಬೇಸಿಗೆಯಲ್ಲೇ ಇಳಿದ ಸೊಂಟಕ್ಕೆ ಶ್ರಾವಣದ ಶಿವ ಹೇಗೆ ಕಾರಣನಾದನೆಂದು ಯಾರೂ ಕೇಳಲಿಲ್ಲ. ಎಲ್ಲರೂ ಉಮಾಶ್ರೀಯ ಮುಖ ನೋಡಿದರು. ಆಕೆ ಸೆರಗು ಸರಿಪಡಿಸಿಕೊಂಡು, "ಹೌದ್ರಿ, ಅತ್ತಿ ಹೇಳಿದ್ದು ಖರೆ" ಎಂದಳು.

ಮರಿಲಿಂಗಪ್ಪನ ಹೆಂಡತಿ ಸಾಕೆನ್ನುವವಳಲ್ಲ. ಕೊರಳಲ್ಲಿ ಟೇಪು ಹಾಕಿಕೊಂಡು ಕೂತ ಈ ಹುಡುಗಿ ಯಾರು ಎಂದು ಕೇಳಿದಳು.

"ಇಕಿ ನಮ್ಮ ಟೇಲರ್ ದಾವಲಬೀ ಮಗಳ್ರಿ," ಎಂದಳು ಉಮಾಶ್ರೀ, ತಸ್ಲೀಮಾಳ ಕಡೆ ನೋಡದೆ. "ನನ್ನ ಜಂಪರ್ ಎಲ್ಲಾ ಸಡ್ಲ ಆಗಿದ್ವಲ್ಲ, ಇಕಿನೇ ಬಿಗಿ ಮಾಡಿ ಕೊಟ್ಟಾಳ."

ಜಿಮ್ಮಿನಲ್ಲಿ ಮೇಡಂ ಮೇಡಂ ಎನ್ನುತ್ತಿದ್ದ ಬಾಯಿ ಅದು. ತಸ್ಲೀಮಾಳ ಕೈ ತಾನಾಗಿಯೇ ಬ್ಯಾಗಿನೊಳಗಿನ ಮೊಬೈಲಿಗೆ ಹೋಯಿತು. ವಿಡಿಯೊ ತೆರೆದು ಈ ಹೆಂಗಸರ ನಡುವೆ ಇಟ್ಟರೆ ಸಾಕು, ಯಾರ ಬಾಯಿಯೂ ಬೇಕಾಗಿರಲಿಲ್ಲ. ನಾಳೆ ಮಾಳಿಗೆ ತುಂಬುತ್ತಿತ್ತು. ಹೊರಗಿನ ಕಟ್ಟೆಯ ಮೇಲೆ ಭೀಮಾಶಂಕರ ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದ. ಉಮಾಶ್ರೀ ಈಗ ಆಕೆಯ ಕೈಯನ್ನೇ ನೋಡುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು. ಸುಳ್ಳು ಹೇಳಿದವಳ ಮೇಲೆ ಸಿಟ್ಟು ಬರಬೇಕು, ಬಂದಿತ್ತು ಕೂಡ. ಆದರೆ ಆ ಮುಖ ನೋಡುತ್ತ ಮೊಬೈಲು ಹೊರತೆಗೆಯಲು ತಸ್ಲೀಮಾಳಿಂದ ಆಗಲಿಲ್ಲ. ಬ್ಯಾಗಿನ ಜಿಪ್ಪು ಎಳೆದಳು.

"ಹಂಗಾರ ನಂದೂ ಒಂದ್ ಅಳತಿ ತಗೋ ಬೇ," ಎಂದು ಗೊಲ್ಲಾಳಮ್ಮ ಒಂದು ಕೈಯನ್ನು ಗೋಡೆಗೂ ಇನ್ನೊಂದನ್ನು ಮಂಡಿಗೂ ಊರಿ, ನರಳುತ್ತ ಎದ್ದಳು. "ನನ್ನವೆಲ್ಲಾ ಬಿಗಿ ಆಗ್ಯಾವ."

ಕುರ್ಚಿಯಲ್ಲಿ ಕೂತು ಏಳುವುದೊಂದನ್ನು ದಿನವೂ ಸರಿಯಾಗಿ ಮಾಡಿಸಿದ್ದರೆ ಈ ಮಂಡಿಗೆ ಗೋಡೆ ಬೇಕಾಗುತ್ತಿರಲಿಲ್ಲ ಎಂದು ತಸ್ಲೀಮಾಳಿಗೆ ಕಾಣುತ್ತಿತ್ತು. "ಕೈ ಎತ್ರಿ ಅಮ್ಮಾರ" ಎಂದಷ್ಟೇ ಅಂದಳು. ಗೊಲ್ಲಾಳಮ್ಮನ ಹಿಂದೆ ಮರಿಲಿಂಗಪ್ಪನ ಹೆಂಡತಿ ನಿಂತಳು, ಅವಳ ಹಿಂದೆ ಅವಳ ನಾದಿನಿ. ಒಬ್ಬಳು ಅಸ್ತರಿಗೆ ಬೇರೆ ಎಷ್ಟು ಎಂದು ಕೇಳಿದಳು. ಇನ್ನೊಬ್ಬಳು ಮನೆಗೆ ಓಡಿ ಹಳೆಯ ಜಂಪರುಗಳ ಗಂಟನ್ನೇ ತಂದು ಚಾಪೆಯ ಮೇಲಿಟ್ಟಳು. ಅವ್ವ ನೋಡಿದ್ದರೆ ಎಷ್ಟು ಖುಷಿಪಡುತ್ತಿದ್ದಳು ಎಂದುಕೊಂಡು ತಸ್ಲೀಮಾ ಗಂಟನ್ನು ಪಕ್ಕಕ್ಕೆ ಸರಿಸಿದಳು.

ಅಡುಗೆಮನೆಯ ಬಾಗಿಲಲ್ಲಿ ಸಾರಿನ ದೊಡ್ಡ ಬೋಗುಣಿ ನೆಲದ ಮೇಲಿತ್ತು. ಉಮಾಶ್ರೀ ಅದರ ಮುಂದೆ ಕಾಲು ಅಗಲಿಸಿ ನಿಂತಳು. ಸೊಂಟ ಹಿಂದಕ್ಕೆ ತಳ್ಳಿ, ಬೆನ್ನು ನೆಟ್ಟಗಿಟ್ಟು, ಉಸಿರು ಬಿಗಿಹಿಡಿದು ಎತ್ತಿದಳು. ಜಿಮ್ಮಿನಲ್ಲಿ ಮೊದಮೊದಲು ಒಳಗೆ ವಾಲುತ್ತಿದ್ದ ಮಂಡಿಗಳು ಈಗ ವಾಲಲಿಲ್ಲ.

"ಹೆಂಗ ಎತ್ತಿದ್ಲು ನೋಡ್ರೆವ್ವಾ," ಎಂದಳು ಮರಿಲಿಂಗಪ್ಪನ ಹೆಂಡತಿ.

"ಎಲ್ಲಾ ಶಿವನ ಕೃಪಾ," ಎಂದು ಗೊಲ್ಲಾಳಮ್ಮ ಎತ್ತಿದ ಕೈಯಲ್ಲೇ ಮುಗಿದಳು. ಮತ್ತೆ ಕೆಳಗೆ ನೋಡಿ, "ಭಾಳ ಬಿಗಿ ಹಿಡೀಬ್ಯಾಡ ಬೇ. ಎರಡು ಬಟ್ಟು ಸಡ್ಲ ಇರ್ಲಿ" ಎಂದಳು.

ತಸ್ಲೀಮಾ ಟೇಪಿನೊಳಗೆ ಎರಡು ಬೆರಳು ತೂರಿಸಿ, ಮತ್ತೆ ಅಳೆದಳು.