ಖಾಲಿ ಲಾಳಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ರಾತ್ರಿಯಾದದ್ದು ಕಿವಿಗೆ ತಿಳಿಯುತ್ತಿತ್ತು. ಮಗ್ಗಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಮೊದಲು ಓಣಿಯ ತುದಿಯವರದು, ಆಮೇಲೆ ಬಾವಿಯ ಹತ್ತಿರದವರದು, ಎಲ್ಲರ ಕಡೆಗೆ ಮುದುಕ ಮಕ್ತುಮಸಾಬನದು. ಅದೂ ನಿಂತಿತೆಂದರೆ ಓಣಿಯಲ್ಲಿ ಉಳಿಯುವುದು ದೇವರ ಹೆಸರು ಮತ್ತು ನಾಯಿಗಳ ಬೊಗಳಾಟ, ಎರಡೇ.

ಆದರೆ ಆ ಬೇಸಿಗೆಯಲ್ಲಿ ಎಲ್ಲ ಮಗ್ಗಗಳು ನಿಂತ ಮೇಲೆ ಒಂದು ಮಗ್ಗ ಶುರುವಾಗುತ್ತಿತ್ತು. ಅದು ಸಾವಂತ್ರೆವ್ವನ ಮನೆಯದು.

ಅವಳ ಗಂಡ ಅಂದಪ್ಪ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋಗಿ ಇಪ್ಪತ್ತು ದಿನಗಳಾಗಿದ್ದವು. ಬೆಟಗೇರಿಯಲ್ಲಿ ನೂಲು ಕಂಟ್ರೋಲಿನ ಚೀಟಿಗೆ ಮಾತ್ರ ಸಿಗುತ್ತಿತ್ತು. ಸಿಗದ ವಾರಗಳೇ ಹೆಚ್ಚು. ಅರ್ಧ ನೇದ ಸೀರೆಯನ್ನು ಮಗ್ಗದ ಮೇಲೆಯೇ ಬಿಟ್ಟು, ಎರಡೂವರೆ ವರ್ಷದ ಮಗಳು ಮಂಜವ್ವನ ತಲೆ ಸವರಿ, "ಅಗಳಿ ಹಾಕ್ಕೊಂಡು ಮಲಕೋ" ಎಂದಷ್ಟೇ ಹೇಳಿ ಹೋಗಿದ್ದ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಿಜಾಮನ ಸೀಮೆಯಿಂದ ಜನ ಗಂಟು ಹೊತ್ತು, ಮಕ್ಕಳನ್ನು ಬಗಲಲ್ಲಿಟ್ಟುಕೊಂಡು, ಮುಂಡರಗಿ ದಾಟಿ ಗದಗಿನ ಕಡೆ ಬರುತ್ತಿದ್ದರು. ಅವರ ಹಿಂದೆ ದಿನಕ್ಕೊಂದು ಖಬರ ಬರುತ್ತಿತ್ತು. ನಿಜಾಮನ ಕಡೆಯವರು ಆ ಊರು ಸುಟ್ಟರಂತೆ, ಈ ಊರಿನ ಬಾಗಿಲು ಮುರಿದರಂತೆ. ಬಾವಿಕಟ್ಟೆಯ ಮೇಲೆ ಕೊಡ ಇಳಿಸಿದ ಹೆಂಗಸರು ಆ ಖಬರಗಳಿಗೆ ತಮ್ಮ ತಮ್ಮ ಅಂಜಿಕೆಯನ್ನೂ ಸೇರಿಸಿ ಮನೆಗೆ ಒಯ್ಯುತ್ತಿದ್ದರು.

ಸಾವಂತ್ರೆವ್ವ ಒಯ್ದದ್ದು ಎಲ್ಲರಿಗಿಂತ ಹೆಚ್ಚು. ಅವಳ ಮನೆಯಲ್ಲಿ ಅದನ್ನು ಹಂಚಿಕೊಳ್ಳುವವರೇ ಇರಲಿಲ್ಲ.

ಗಂಡ ಹೋದ ಮೊದಲ ರಾತ್ರಿ ಅವಳು ಅಗಳಿಯನ್ನು ಐದು ಸಲ ಮುಟ್ಟಿ ನೋಡಿದಳು. ಹಿತ್ತಲ ಬಾಗಿಲಿಗೆ ಒರಳುಕಲ್ಲನ್ನು ಉರುಳಿಸಿ ಒತ್ತಿಟ್ಟಳು. ಒನಕೆಯನ್ನು ಹಾಸಿಗೆಯ ಪಕ್ಕ ಮಲಗಿಸಿಕೊಂಡಳು. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, "ಶಿವನೇ, ನನ್ನ ಸಲುವಾಗಿ ಕೇಳಂಗಿಲ್ಲ, ಈ ಕೂಸಿನ ಸಲುವಾಗಿ ಕೇಳ್ತೀನಿ" ಎಂದಳು. ಆದರೂ ಒಂದು ಹೆಂಚು ಸರಿದ ಸದ್ದಿಗೆ ಎದ್ದು ಕೂತವಳು ಬೆಳಗಿನವರೆಗೂ ಕೂತೇ ಇದ್ದಳು.

ಎರಡನೆಯ ರಾತ್ರಿ ಅವಳಿಗೆ ಉಪಾಯ ಹೊಳೆಯಿತು. ಆ ಓಣಿಯಲ್ಲಿ ಹೆಂಗಸರ ಕೆಲಸ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವುದು. ಕಾಲು ಇಳಿಬಿಟ್ಟು ನೇಯಲು ಮಗ್ಗದ ಕುಣಿಗೆ ಇಳಿಯುವವರು ಗಂಡಸರು. ಮಗ್ಗ ಸದ್ದು ಮಾಡಿತೆಂದರೆ ಒಳಗೆ ಗಂಡಸಿದ್ದಾನೆ ಎಂದೇ ಅರ್ಥ. ದಾರಿಯಲ್ಲಿ ಹೋಗುವ ಯಾವ ಕೆಟ್ಟವನಿಗಾದರೂ ಆ ಸದ್ದು ಕೇಳಿದರೆ ಸಾಕಲ್ಲ! ಸೀರೆ ಕೆಡಬಾರದೆಂದು ಲಾಳಿಯೊಳಗಿನ ಕಂಡಿಕೆ ತೆಗೆದಳು. ಕುಣಿಗೆ ಇಳಿದು ಬರಿಯ ಲಾಳಿಯನ್ನು ಹಾಸಿನ ಎಳೆಗಳ ನಡುವೆ ಅತ್ತಿಂದಿತ್ತ ಓಡಿಸಿದಳು, ಹಣಿಗೆಯನ್ನು ಜಗ್ಗಿ ಬಡಿದಳು. ಟಕ್, ಧಡ್. ಟಕ್, ಧಡ್. ಅಪ್ಪನ ಸದ್ದೆಂದು ಮಂಜವ್ವ ಹಾಯಾಗಿ ನಿದ್ದೆ ಹೋದಳು. ನಡುರಾತ್ರಿ ದಾಟುವತನಕ ಸಾವಂತ್ರೆವ್ವ ಹೀಗೆ ಏನನ್ನೂ ನೇಯದೆ ನೇದಳು.

ಮರುದಿನ ಬಾವಿಯ ಹತ್ತಿರ, ರಾತ್ರಿ ಮಗ್ಗದ ಸದ್ದೇನೆಂದು ಯಾರೋ ಕೇಳಿದರು. "ಉಳಿದಿದ್ದ ಸೀರಿ ಮುಗಸಾಕತ್ತೀನವ್ವಾ" ಎಂದಳು. ಕೇಳಿದವಳು ಹೂಂ ಎಂದು ಕೊಡ ಎತ್ತಿಕೊಂಡಳು.

ಮೊದಲಾಗಿದ್ದರೆ ಅವಳು ತನ್ನ ಅಂಜಿಕೆಯನ್ನು ಪಕ್ಕದ ಮನೆಯ ಗುಲಾಬಬಿಯ ಮುಂದೆ ಹೇಳಿಕೊಳ್ಳುತ್ತಿದ್ದಳು. ಗುಲಾಬಬಿ ಮಕ್ತುಮಸಾಬನ ಹೆಂಡತಿ. ಎರಡು ಮನೆಗಳ ನಡುವೆ ಒಂದೇ ಗೋಡೆ, ಎರಡಕ್ಕೂ ಸೇರಿ ಒಂದೇ ಕಟ್ಟೆ. ಆ ಕಟ್ಟೆಯ ಮೇಲೆ ಇಬ್ಬರೂ ರಾಟಿ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕಂಡಿಕೆ ಸುತ್ತುತ್ತಿದ್ದರು. ಮಂಜವ್ವ ಹುಟ್ಟಿದಾಗ ಹೊಕ್ಕುಳಿಗೆ ಎಣ್ಣೆ ಹಚ್ಚಿದವಳೂ ಅವಳೇ. ಖಬರಗಳು ಬರತೊಡಗಿದ ಮೇಲೆ ಸಾವಂತ್ರೆವ್ವ ರಾಟಿಯನ್ನು ಒಳಗೆ ತೆಗೆದುಕೊಂಡಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ. ಗುಲಾಬಬಿ ಎರಡು ದಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದು, ಮೂರನೆಯ ದಿನ ಬರಲಿಲ್ಲ.

ಇಪ್ಪತ್ತನೆಯ ರಾತ್ರಿ ಮಂಜವ್ವನ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಎದೆ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ಮಗುವನ್ನು ಇಳಿಸಿದರೆ ಉಸಿರು ಸಿಗದೆ ಒದ್ದಾಡುತ್ತದೆ. ಎತ್ತಿಕೊಂಡರೆ ಮಗ್ಗಕ್ಕೆ ಕೈ ಇಲ್ಲ. ಆ ಎರಡನೆಯ ರಾತ್ರಿಯ ಮೇಲೆ ಮನೆ ಮೊದಲ ಸಲ ಸುಮ್ಮನಾಯಿತು. ಆ ಮೌನದಲ್ಲಿ ತನ್ನ ಮನೆಯ ಬಾಗಿಲು ತಾನೇ ತೆರೆದು ನಿಂತಂತೆ ಅವಳಿಗೆ ಅನಿಸಿತು. ಚಿಮಣಿಯನ್ನು ಊದಿ ಆರಿಸಿದಳು. ಆರಿಸಿದ ಮೇಲೆ ಕೂಸಿನ ಮುಖ ಕಾಣದೆ ಇನ್ನಷ್ಟು ಅಂಜಿ ಮತ್ತೆ ಹಚ್ಚಿದಳು.

ಆಗ ಹೊರಗೆ ಹೆಜ್ಜೆಯ ಸದ್ದಾಯಿತು. ಕಟ್ಟೆಯ ಮೇಲೆ ಬಂದಿತು. ಯಾರೋ ಬಾಗಿಲು ಬಡಿದರು.

ಸಾವಂತ್ರೆವ್ವ ಎದ್ದು ನಿಂತಳು. ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಒನಕೆ. ಇದ್ದ ಧೈರ್ಯವನ್ನೆಲ್ಲ ಕೂಡಿಸಿ ಮನೆಯೊಳಗಿನ ಕತ್ತಲಿಗೆ ಕೂಗಿದಳು:

"ಏಳ್ರೀ! ಯಾರೋ ಬಂದಾರ ನೋಡ್ರೀ!"

ಹೊರಗೆ ಮುದುಕನೊಬ್ಬನ ಕೆಮ್ಮು.

"ಅಂದಪ್ಪ ಸೊಲ್ಲಾಪುರದಾಗ ಅದಾನ, ಮಗಳ. ಇಲ್ಲಿಂದ ಒದರಿದ್ರ ಅಲ್ಲಿ ಹೆಂಗ ಎದ್ದಾನು? ನಾನು, ಮಕ್ತುಮ. ನಿನ್ನ ಚಾಚೀನೂ ಅದಾಳ. ಮಗ್ಗ ಯಾಕ ನಿಂತೈತಿ?"

ಅವಳು ಕೂಸನ್ನು ಎದೆಗೆ ಅವುಚಿಕೊಂಡಳು. ಇಪ್ಪತ್ತು ದಿನ ಕೇಳಿದ ಖಬರಗಳೆಲ್ಲ ಬಾಗಿಲಿಗೂ ಅವಳಿಗೂ ನಡುವೆ ಬಂದು ನಿಂತವು.

"ತಗೀಲಿಕ್ಕೆ ಮನಸಿಲ್ಲಂದ್ರ ತಗೀಬ್ಯಾಡ," ಎಂದ ಮುದುಕ. "ಒಳಗಿಂದನ ಹೇಳು. ಕೂಸು ಆರಾಮ ಐತೇನು?"

ಆ ಮಾತಿಗೆ ಅವಳ ಕೈಯಿಂದ ಒನಕೆ ಜಾರಿತು. ಬಾಗಿಲು ಮುರಿಯುವವರು ಯಾರೂ ಹಾಗೆ ಕೇಳುವುದಿಲ್ಲ. ಅಷ್ಟರಲ್ಲಿ ಮಂಜವ್ವ ಉಸಿರಿಗೆ ತಡಕಾಡಿ ಕಿರುಚಿದಳು. ಸಾವಂತ್ರೆವ್ವ ಅಗಳಿ ಸರಿಸಿದಳು.

ಗುಲಾಬಬಿ ಏನೂ ಕೇಳದೆ ಒಳಗೆ ಬಂದು ಕೂಸನ್ನು ಎತ್ತಿಕೊಂಡಳು. "ಔಡಲೆಣ್ಣಿ ಎಲ್ಲೈತಿ? ಎಲಿ ಅದಾವೇನು? ನಿಂತು ನೋಡ್ತಿಯಲ್ಲ, ಒಲಿ ಊದು!" ಎಣ್ಣೆ ಸವರಿದ ವೀಳ್ಯದೆಲೆಗಳನ್ನು ಬಿಸಿ ಮಾಡಿ ಎದೆಗೆ, ಬೆನ್ನಿಗೆ ಅಂಟಿಸಿದಳು, ಒಂದು ಆರಿದಂತೆ ಇನ್ನೊಂದು. ಮಕ್ತುಮಸಾಬ ಹೊಸ್ತಿಲು ದಾಟಲಿಲ್ಲ. ಓಣಿಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಿದ್ದ.

ಬಹಳ ಹೊತ್ತಿನ ಮೇಲೆ ಮಂಜವ್ವನ ಎದೆ ಸಡಿಲಾಯಿತು. ಉಸಿರು ತನ್ನ ದಾರಿ ಹಿಡಿಯಿತು. ಸಾವಂತ್ರೆವ್ವ ಬಾಗಿಲ ಹತ್ತಿರ ಬಂದು ನೆಲ ನೋಡುತ್ತ ಕೇಳಿದಳು:

"ಕಾಕಾ, ಮಗ್ಗ ನಿಂತದ್ದು ನಿಮಗ ಹೆಂಗ ಕೇಳಿಸ್ತು? ಮಲಗಿರಲಿಲ್ಲೇನ್ರಿ?"

"ನೀ ಮಲಗಾಕ ಬಿಟ್ರಲ್ಲ?" ಮುದುಕ ಓಣಿಯನ್ನೇ ನೋಡುತ್ತ ಹೇಳಿದ. "ಐವತ್ತು ವರ್ಷ ಕುಣ್ಯಾಗ ಕುಂತೀನಿ. ನೂಲು ತುಂಬಿದ ಲಾಳಿ ಹೆಂಗ ಓಡತೈತಿ, ಖಾಲಿ ಲಾಳಿ ಹೆಂಗ ಓಡತೈತಿ, ತಿಳೀದೇನು? ಇಷ್ಟು ರಾತ್ರಿ ಖರೇನ ನೇದಿದ್ರ ಮೂರು ಸೀರಿ ಇಳೀತಿದ್ವು. ಮೊದಲನೇ ದಿನಾನ ನಿನ್ನ ಚಾಚೀಗೆ ಹೇಳಿದೆ, ಪಾಪ, ಹುಡಿಗಿ ಅಂಜಿ ಬಡ್ಯಾಕತ್ತಾಳ ಅಂತ."

"ಮತ್ತ ಯಾರಿಗೆ ಗೊತ್ತೈತಿ?"

"ಓಣ್ಯಾಗ ಯಾರಿಗೆ ಗೊತ್ತಿಲ್ಲ ಅಂತ ಕೇಳು."

ಒಳಗಿನಿಂದ ಗುಲಾಬಬಿ ಹೇಳಿದಳು, "ಬಂದು ಕೇಳೂಣು ಅಂತ ನಾನ ಅಂದೆ. ಇವರು ಬ್ಯಾಡಂದ್ರು. ಅಕಿ ರಾಟಿ ಒಳಗ ಒಯ್ದಾಳ, ಈಗ ರಾತ್ರಿ ಹೋಗಿ ಬಾಗಲಾ ಬಡದ್ರ ಎದಿ ಒಡಕೊಂತಾಳ ಅಂದ್ರು." ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸಾವಂತ್ರೆವ್ವನಿಗೆ ತಡೆದುಕೊಳ್ಳುವುದು ಕಷ್ಟವಾಯಿತು. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದಳು. "ಹಾಲು ಕಾಸಲೇನ್ರಿ?" ಎಂದು ಬಂತು.

"ನಾಳಿಗೆ ಕಾಸೀಯಂತ," ಎಂದಳು ಗುಲಾಬಬಿ. "ಈಗ ಅಗಳಿ ಹಾಕ್ಕೋ."

ಮರುದಿನ ರಾತ್ರಿ ಓಣಿಯ ಮಗ್ಗಗಳೆಲ್ಲ ನಿಂತವು. ಸಾವಂತ್ರೆವ್ವ ಅಗಳಿ ಹಾಕಿದಳು, ಎರಡು ಸಲ ಮುಟ್ಟಿ ನೋಡಿದಳು, ಒರಳುಕಲ್ಲನ್ನು ಒತ್ತಿಟ್ಟಳು. ಅಂಜಿಕೆ ಎಲ್ಲಿಗೂ ಹೋಗಿರಲಿಲ್ಲ. ಸೊಲ್ಲಾಪುರ ಎಷ್ಟು ದೂರವಿತ್ತೋ ಅಷ್ಟೇ ದೂರವಿತ್ತು. ಗಂಡನ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದ ಹಾಗೆಯೇ ಇತ್ತು. ಆದರೆ ಅವಳು ಕುಣಿಗೆ ಇಳಿಯಲಿಲ್ಲ. ಮಗಳ ಪಕ್ಕ ಮಲಗಿದಳು.

ಇಷ್ಟು ರಾತ್ರಿ ತಾನೇ ಎಬ್ಬಿಸಿದ ಸದ್ದಿನಲ್ಲಿ ಅವಳಿಗೆ ಬೇರೇನೂ ಕೇಳಿರಲಿಲ್ಲ. ಕಳ್ಳನೊಬ್ಬ ಬಂದು ಹೆಂಚು ತೆಗೆದಿದ್ದರೂ ಕೇಳುತ್ತಿರಲಿಲ್ಲವೆಂದು ಈಗ ಹೊಳೆಯಿತು. ಮಂಜವ್ವನ ಉಸಿರು ಹೋಗಿ ಬರುವುದು ಕೇಳಿತು. ದೂರದಲ್ಲಿ ಗದಗಿನ ಸ್ಟೇಷನ್ನಿನಿಂದ ಹೊರಟ ಗಾಡಿಯ ಕೂಗು ಕೇಳಿತು. ಅದು ಸೊಲ್ಲಾಪುರದ ಕಡೆಗೆ ಹೋಗುವುದಿರಬಹುದು, ಇಲ್ಲದೆಯೂ ಇರಬಹುದು. ಗೋಡೆಯ ಆಚೆ ಮುದುಕ ಕೆಮ್ಮಿ ಮಗ್ಗುಲು ಬದಲಿಸಿದ್ದು ಕೇಳಿತು. ಅವನು ಇನ್ನೂ ಮಲಗಿಲ್ಲವೆಂದು ಅವಳಿಗೆ ತಿಳಿಯಿತು. ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಆ ಕೆಮ್ಮು ಮತ್ತೊಮ್ಮೆ ಬರುವುದನ್ನು ಕಾಯುತ್ತ ಕತ್ತಲಲ್ಲಿ ಕಣ್ಣು ತೆರೆದೇ ಮಲಗಿದ್ದಳು.